ಒಂದೇ ಕುಟುಂಬಕ್ಕೆ ಮಾತ್ರ

"ಸುಳ್ಳು ಹೇಳುವಾಗ ತಡವರಿಸಬೇಡಿ," ಎಂದು ಗ್ಲೆನ್ ಪ್ಯಾಸ್ಕೋ ಮತ್ತೊಮ್ಮೆ ಹೇಳಿದ. "ತಡವರಿಸಿದ್ರೆ ಮುಗೀತು."

ಅಡುಗೆಮನೆಯ ಮೇಜಿನ ಮೇಲೆ ಫೋನಿತ್ತು. ಸಾಫ್ಟ್‌ವೇರ್ ಕಂಪನಿಯವರು ಕಾಯಿಸುವಾಗ ಹಾಕುವ ಪಿಯಾನೊ ಸಂಗೀತ ಅದರಿಂದ ಸುರಿಯುತ್ತಲೇ ಇತ್ತು. ಎದುರಿಗೆ ಪಕ್ಕದ ಮನೆಯ ನೊಲೀನ್ ಕ್ಯಾರಿಕ್, ಎಪ್ಪತ್ತು ದಾಟಿದ ಮುದುಕಿ, ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಕೆಳಗಿನ ಮನೆಯ ಟೆವೀಟಾ, ಬಾಗಿಲು ತುಂಬುವಂಥ ಟೋಂಗಾ ದ್ವೀಪದ ಕಂದುಬಣ್ಣದ ದೈತ್ಯ, ನಿಂತೇ ಟೋಸ್ಟ್ ಅಗಿಯುತ್ತಿದ್ದ.

"ನಾನೂ ಮಾತಾಡ್ಬೇಕಾ?" ಎಂದ ಟೆವೀಟಾ.

"ಕೇಳಿದ್ರೆ ಮಾತ್ರ. ನೀನು ನನ್ನ ತಮ್ಮ, ನೆನಪಿರಲಿ."

"ಅಣ್ಣ ಯಾಕೆ ಹಿಂಗೆ ಬಿಳಿಚಿಕೊಂಡಿದಾನೆ ಅಂದ್ರೆ?"

"ಫೋನಲ್ಲಿ ಬಣ್ಣ ಕಾಣಲ್ಲ ಮಾರಾಯ. ಬಾಯಿ ಮುಚ್ಚು."

ಪೂರ್ತಿ ಬೆಲೆ ತೆತ್ತು ಸಾಫ್ಟ್‌ವೇರ್ ನವೀಕರಿಸುವವನು ಗ್ಲೆನ್ ಕಣ್ಣಿಗೆ ಶುದ್ಧ ಮೂರ್ಖ. ವೈರಸ್ ಕಾವಲು, ಫೋಟೊ ಇಡುವ ಜಾಗ, ಲೆಕ್ಕಪತ್ರದ ತಂತ್ರಾಂಶ, ಇವನ್ನು ಬಿಡಿಬಿಡಿಯಾಗಿ ಕೊಂಡವನ ಚರ್ಮ ಸುಲಿಯುತ್ತಾರೆ. ಕುಟುಂಬದ ಪ್ಯಾಕ್ ಕೊಂಡರೆ ಒಬ್ಬನ ಬೆಲೆಗೆ ಐದು ಜನ. ಅದರ ಮೇಲೆ ಪ್ರತಿ ನವೀಕರಣಕ್ಕೂ ಅರ್ಧ ಹಣ ವಾಪಸ್ಸು. ಷರತ್ತು ಒಂದೇ: ಐವರೂ ಒಂದೇ ಕುಟುಂಬದವರಾಗಿರಬೇಕು. ಗ್ಲೆನ್‌ಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಲಾನ್ಸೆಸ್ಟನ್‌ನ ತಾನಿದ್ದ ಹಳೇ ಇಟ್ಟಿಗೆ ಕಟ್ಟಡದಲ್ಲೇ ಅವನೊಂದು ಕುಟುಂಬ ಕಟ್ಟಿದ. ಟೆವೀಟಾ ತಮ್ಮನಾದ. ಮೇಲಿನ ಮನೆಯ ಇಬ್ಬರು ನರ್ಸ್‌ಗಳು ತಂಗಿಯರಾದರು.

ಆಗಷ್ಟೇ ನೊಲೀನ್ ಬ್ಯಾಲರಾಟ್‌ನ ಸ್ವಂತ ಮನೆ ಮಾರಿ, ಹಡಗಿನಲ್ಲಿ ಸಮುದ್ರ ದಾಟಿ ಬಂದು, ಪಕ್ಕದ ಮನೆ ಬಾಡಿಗೆಗೆ ಹಿಡಿದಿದ್ದಳು. ಅವಳನ್ನು ಚಿಕ್ಕಮ್ಮ ಅಂತ ಸೇರಿಸಲು ಹೊರಟಾಗ ಅವಳೇ ತಡೆದಳು.

"ಬರೆಯೋದೇ ಸುಳ್ಳು. ಅದರಲ್ಲೂ ಜಿಪುಣತನ ಯಾಕೋ? ಅಮ್ಮ ಅಂತ್ಲೇ ಬರಿ."

ಬರೆದ. ಪ್ರತಿ ವರ್ಷ ಪಾಲಿನ ಹಣವನ್ನು ಎಲ್ಲರಿಗಿಂತ ಮೊದಲು ತಂದುಕೊಡುವವಳು ಅವಳೇ. ಅವಳ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಕಳ್ಳನೂ ಬರದ ಮನೆಗೆ ಬೀಗ ಎಂದು ಟೆವೀಟಾ ನಗುತ್ತಿದ್ದ. ಗ್ಲೆನ್ ಕೇಳಲು ಹೋಗಲಿಲ್ಲ. ಪಾಲುದಾರರು ಹೆಚ್ಚಿದಷ್ಟೂ ಅವನ ಪಾಲು ಕಡಿಮೆ.

ಈಗ ಕಂಪನಿಗೆ ಅನುಮಾನ ಬಂದಿತ್ತು. ತನಿಖೆಯಲ್ಲಿ ಸಿಕ್ಕಿಬಿದ್ದರೆ ಮೂರು ವರ್ಷದ ರಿಯಾಯಿತಿಯನ್ನೆಲ್ಲ ಒಂದೇ ಏಟಿಗೆ ಗ್ಲೆನ್‌ನ ಕಾರ್ಡಿನಿಂದ ಕಿತ್ತುಕೊಳ್ಳುತ್ತಾರೆ. ಕಾರ್ಡಿನಲ್ಲಿದ್ದದ್ದು ಮನೆ ಬಾಡಿಗೆಯ ಹಣ, ಅಷ್ಟೇ. ಇನ್ನೊಂದು ಸಲ ಬಾಡಿಗೆ ತಪ್ಪಿದರೆ ಸಾಮಾನು ಬೀದಿಗೆ ಎಂದು ಮನೆ ಮಾಲೀಕ ಆಗಲೇ ಎಚ್ಚರಿಸಿದ್ದ. ಗ್ಲೆನ್ ಎದ್ದ, ಕೂತ, ಮತ್ತೆ ಎದ್ದ.

ಪಿಯಾನೊ ನಿಂತಿತು.

"ಕಾದಿದ್ದಕ್ಕೆ ಥ್ಯಾಂಕ್ಸ್ ಸರ್. ನಾನು ಜೋಸ್ಲಿನ್. ನಿಮ್ಮ ತಾಯಿಯವರ ಮನೆತನದ ಹೆಸರು ಬೇರೆ ಇದೆಯಲ್ಲ?"

ಇದಕ್ಕೆ ಗ್ಲೆನ್ ತಯಾರಾಗಿದ್ದ. "ಹುಟ್ಟಿದ ವಾರದಲ್ಲೇ ನನ್ನನ್ನ ದತ್ತು ಕೊಟ್ಬಿಟ್ರು. ಪ್ಯಾಸ್ಕೋ ಅನ್ನೋದು ಸಾಕಿದವರ ಹೆಸರು. ಇವರು ಸಿಕ್ಕಿದ್ದು ಆಮೇಲೆ."

ಟೆವೀಟಾ ಹೆಬ್ಬೆರಳೆತ್ತಿ ಮೆಚ್ಚಿದ. ಒಳ್ಳೆಯ ಸುಳ್ಳಿಗೆ ಅರ್ಧ ನಿಜ ಬೆರೆಸಬೇಕು ಎಂಬುದು ಗ್ಲೆನ್‌ನ ಲೆಕ್ಕ. ದತ್ತಿನ ಮಾತು ನಿಜವೇ ಆಗಿತ್ತು. ನೊಲೀನಳ ಕಪ್ಪು ಸಾಸರಿಗೆ ತಾಗಿ ಕಟಕಟ ಎಂದಿತು. ಗ್ಲೆನ್ ಕಣ್ಣು ಕೆಕ್ಕರಿಸಿದ.

ಜೋಸ್ಲಿನ್‌ಳ ದನಿ ಮೆತ್ತಗಾಯಿತು. "ಹೌದಾ ಸರ್? ಯಾರು ಯಾರನ್ನ ಹುಡುಕಿದ್ದು?"

ಈ ಪ್ರಶ್ನೆಗೆ ಗ್ಲೆನ್ ತಯಾರಿರಲಿಲ್ಲ.

"ನಾನೇ ಹುಡುಕಿದ್ದಮ್ಮ," ಎಂದಳು ನೊಲೀನ್. "ವಿಳಾಸ ಬೇಗ ಸಿಕ್ತು. ಧೈರ್ಯ ಸಿಗ್ಲಿಲ್ಲ."

ಭಲೇ ಮುದುಕಿ, ಎಂದುಕೊಂಡ ಗ್ಲೆನ್.

"ಕೊನೇ ಪ್ರಶ್ನೆ. ತಾಯಿಯವರೇ ಹೇಳ್ಬೇಕು. ನಿಮ್ಮ ಮಗ ಹುಟ್ಟಿದ ತಾರೀಖು?"

ಗೆದ್ದ ಹಾಗೆಯೇ. ಖಾತೆಯಲ್ಲಿದ್ದದ್ದು ೧೯೭೦ರ ಜನವರಿ ಒಂದು. ಯಾವ ಕಂಪನಿ ಕೇಳಿದರೂ ಗ್ಲೆನ್ ಕೊಡುತ್ತಿದ್ದದ್ದು ಆ ಖೋಟಾ ತಾರೀಖನ್ನೇ. ನಿಜವಾದದ್ದನ್ನು ಅವನು ಕಂಪನಿಗಳಿಗಿರಲಿ, ಈ ಕಟ್ಟಡದ ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಹುಟ್ಟುಹಬ್ಬವೆಂದರೇ ಅವನಿಗಾಗದು. ಜನವರಿ ಒಂದು ಎಂದು ದಪ್ಪಕ್ಷರದಲ್ಲಿ ಬರೆದು ನೊಲೀನಳ ಮುಂದೆಯೇ ಇಟ್ಟಿದ್ದ ಚೀಟಿಯ ಮೇಲೆ ಬೆರಳು ಕುಟ್ಟಿದ.

ನೊಲೀನ್ ಚೀಟಿ ನೋಡಲಿಲ್ಲ. ಅವನ ಮುಖ ನೋಡುತ್ತಿದ್ದಳು.

"ಎಪ್ಪತ್ತನೇ ಇಸವಿ, ಜುಲೈ ಹತ್ತೊಂಬತ್ತು," ಎಂದಳು. "ಭಾನುವಾರ."

ಆ ಕಡೆ ಕೀಲಿಮಣೆ ಟಕಟಕ ಎಂದಿತು. "ಸಾರಿ. ಇದು ತಾಳೆ ಆಗ್ತಿಲ್ಲ. ಖಾತೆ ಮುಚ್ತಿದೀವಿ ಸರ್. ರಿಯಾಯಿತಿ ಹಣ ಇವತ್ತೇ ನಿಮ್ಮ ಕಾರ್ಡಿನಿಂದ ಕಟ್ ಆಗುತ್ತೆ." ಫೋನ್ ಸತ್ತಿತು.

ಗ್ಲೆನ್ ಮೇಜಿಗೆ ಗುದ್ದಿದ. ಚಹಾ ಚೆಲ್ಲಿತು.

"ಕಣ್ಣೆದುರಿಗೇ ಬರೆದಿಟ್ಟಿದ್ನಲ್ಲ. ಜನವರಿ ಒಂದು. ಅಷ್ಟು ಓದೋಕೆ ಏನು ದಾಡಿ ನಿಮಗೆ? ನನ್ನ ಬಾಡಿಗೆ ಹೋಯ್ತು, ಮನೆ ಹೋಯ್ತು. ಅದರ ಮೇಲೆ ವಾರ ಬೇರೆ. ಎಲ್ಲಿಂದ ಕಿತ್ಕೊಂಡು ಬಂದ್ರಿ ಆ ಜುಲೈ ಹತ್ತೊಂಬತ್ತ..."

ಗ್ಲೆನ್ ಚೀಟಿಯಿಂದ ತಲೆಯೆತ್ತಿ ಅವಳ ಮುಖ ನೋಡಿದ. ಟೆವೀಟಾ ಅಗಿಯುವುದನ್ನು ಮರೆತ.

"ಬಾಡಿಗೆ ನಾನು ಕಟ್ತೀನಿ," ಎಂದಳು ನೊಲೀನ್. "ಆ ಇನ್ನೊಂದು ತಾರೀಖು ನನ್ನ ಬಾಯಿಗೆ ಬರ್ಲಿಲ್ಲ ಕಣೋ."

ಜುಲೈ ಹತ್ತೊಂಬತ್ತು, ಗ್ಲೆನ್ ನಿಜವಾಗಿ ಹುಟ್ಟಿದ ದಿನ.