ಸವೆದ ಗುಂಡಿ

"ಈ ಎರಡು ಗುಂಡೀಲಿ ಒಂದನ್ನ ಬದಲಾಯಿಸಿದೀರಾ?" ಮಂಡಿಯೂರಿ ಕೂತಿದ್ದ ಹಳೇ ವಸ್ತುಗಳ ಸಂಗ್ರಾಹಕ ತಲೆಯೆತ್ತಿ ಕೇಳಿದ. ಸೊಂಟದೆತ್ತರದ ಆ ಮರದ ರೇಡಿಯೋಗೆ ಬೆಲೆ ಕಟ್ಟಲು ಬಂದವನಿಗೆ ಮಿಕ್ಕದ್ದೆಲ್ಲ ಹಿಡಿಸಿತ್ತು. ಆದರೆ ಸ್ಟೇಷನ್ ಹುಡುಕುವ ಗುಂಡಿ ಹೊಚ್ಚ ಹೊಸದರಂತಿತ್ತು. ವಾಲ್ಯೂಮ್ ಗುಂಡಿ ಮಾತ್ರ ಚೀಪಿದ ಪೆಪ್ಪರಮಿಂಟಿನಂತೆ ಸವೆದು ನುಣ್ಣಗಾಗಿತ್ತು.

"ಇಲ್ಲಪ್ಪ, ಎರಡೂ ಅದರದ್ದೇ," ಎಂದರು ರೇಡಿಯೋ ಪಕ್ಕದ ಕುರ್ಚಿಯಲ್ಲಿದ್ದ ಮನೆಯ ಹಿರಿಯಾಕೆ. "ಅಪ್ಪ ಇರೋವರೆಗೂ ನಮ್ಮನೇಲಿ ಯಾವಾಗ್ಲೂ ಹಾಡು ಸಾರ್," ಎಂದು ಅವರ ಮಗಳು ಹೆಮ್ಮೆಯಿಂದ ದನಿಗೂಡಿಸಿದಳು. "ಅಪ್ಪ ಅಮ್ಮ ಜಗಳ ಆಡಿದ್ದನ್ನ ನಾನು ಒಂದು ದಿನಾನೂ ಕೇಳಿಲ್ಲ."

ಸಂಗ್ರಾಹಕನ ತಲೆಯೊಳಗೆ ಹುಳ ಹೊಕ್ಕಿತು. ಹಾಡಿನ ಹುಚ್ಚಿರುವವರು ಸ್ಟೇಷನ್ನಿಂದ ಸ್ಟೇಷನ್ನಿಗೆ ಅಲೆಯುತ್ತಾರೆ. ಅಂಥವರ ಮನೆಯಲ್ಲಿ ಮೊದಲು ಸವೆಯುವುದು ಆ ಗುಂಡಿ. ಇಲ್ಲಿ ಯಾರೋ ಏನು ಬರುತ್ತಿದೆಯೆಂದು ನೋಡದೆ ಸದ್ದನ್ನಷ್ಟೇ ಏರಿಸಿ ಇಳಿಸಿದ್ದಾರೆ. ಯಾಕಿರಬಹುದು? ಕೇಳಬೇಕೆನ್ನುವಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಅಳಿಯ ಬಾಯಿ ಹಾಕಿದ: "ಗುಂಡಿ ಕಥೆ ಸಾಕು. ಮನೇಲಿ ಕಾಲಿಡೋಕೆ ಜಾಗ ಇಲ್ಲ, ಕೊಟ್ಟು ಕಳಿಸೋಣ." "ನಿಮಗೇನ್ರೀ, ಅದು ನಮ್ಮಪ್ಪಂದು!" ಮಗಳ ದನಿ ಏರಿತು. "ಎಲ್ಲದಕ್ಕೂ ನಿಮ್ಮಪ್ಪನ್ನ ಎಳೀಬೇಡ!" ಅಳಿಯನದು ಇನ್ನೂ ಏರಿತು. ಪಕ್ಕದ ಕೋಣೆಯಲ್ಲಿ ಆಡುತ್ತಿದ್ದ ಮೊಮ್ಮಗಳ ಸದ್ದು ತಟ್ಟನೆ ನಿಂತಿತು.

ಹಿರಿಯಾಕೆ ಇಬ್ಬರ ಕಡೆಗೂ ನೋಡಲಿಲ್ಲ. ಕೂತಲ್ಲಿಂದಲೇ ಅವರ ಕೈ ತಾನಾಗಿ ಚಾಚಿಕೊಂಡು, ವಯರೇ ಇಲ್ಲದ ಆ ರೇಡಿಯೋದ ನುಣ್ಣನೆ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿತು. ರೇಡಿಯೋ ಹಾಡಲಿಲ್ಲ. ಅಮ್ಮನ ಕೈಯನ್ನೇ ನೋಡುತ್ತಾ ಮಗಳು ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು.