ಹಾಲುಕ್ಕುವಷ್ಟರಲ್ಲಿ

ಬೆಲೆ ಕುದುರಿದ ಮೇಲೆ ಕೊಳ್ಳುವವರು ಆ ಮನೆಯ ಒಲೆಯಲ್ಲಿ ಹಾಲುಕ್ಕಿಸಿದರೆ ಸಾಕು, ಮನೆಯೇ ತನ್ನ ಕ್ರಯವನ್ನು ನೋಂದಾಯಿಸಿಕೊಳ್ಳುವ ಕಾಲವದು. ಹಾಗಾಗಿ ಮಾರುವ ಮನಸ್ಸು ಗಟ್ಟಿಯಾಗುವವರೆಗೆ ಅವರನ್ನು ಯಾರೂ ಅಡುಗೆಮನೆಗೆ ಬಿಡುತ್ತಿರಲಿಲ್ಲ. ಬೆಲೆ ಕುದುರಿಸಿಕೊಂಡಿದ್ದ ಭಾರ್ಗವಿಯನ್ನು ಅಂಬುಜಮ್ಮ ಬಿಟ್ಟಿದ್ದರು.

"ಮಂಡಿನೋವು ಅಂತೀರಿ, ಕೂತಿರಿ ಆಂಟಿ. ಕಾಫಿ ನಾನೇ ಮಾಡ್ಕೊಂಡು ಬರ್ತೀನಿ," ಎಂದು ಭಾರ್ಗವಿ ಒಳಹೋಗಿದ್ದಳು.

ಅಂಬುಜಮ್ಮ ಕುಳಿತಲ್ಲಿಂದಲೇ ಅಳುಕುತ್ತ ಕೂಗಿದರು: "ಬೇಜಾರು ಮಾಡ್ಕೋಬೇಡಮ್ಮ, ಯಾಕೋ ಈ ಮನೆ ಮಾರೋಕೆ ಮನಸ್ಸೇ ಬರ್ತಿಲ್ಲ."

ಒಳಗಿಂದ ಹಾಲುಕ್ಕಿ ಸೀದ ವಾಸನೆ ಬಂತು. ಮಂಡಿನೋವನ್ನೂ ಮರೆತು ಧಾವಿಸಿದರೆ, ಭಾರ್ಗವಿ ಒಲೆಯೆದುರು ಕೈಮುಗಿದು ನಿಂತಿದ್ದಳು.

"ಒಲೆ ಆರಿಸು!" ಎಂದು ಅಂಬುಜಮ್ಮ ಮನೆಗೆ ಆಜ್ಞಾಪಿಸಿದರು.

ಇಷ್ಟು ವರ್ಷ ಅವರ ಮಾತು ಮೀರದ ಮನೆ ಎಂದಿನ ವಿನಯದಲ್ಲೇ ನುಡಿಯಿತು: "ಭಾರ್ಗವಿಯಮ್ಮನವರೇ, ಬಂದವರು ಹೊರಡುತ್ತಾರೆಯೇ? ಬಾಗಿಲು ತೆರೆಯಲೇ?"