ಎಕ್ಸ್‌ಪ್ರೆಸ್ ಡಾಕ್ಟರ ಹೆರಿಗೆ

“ಡ್ರಿಪ್ ಒಂದಿಷ್ಟು ಜೋರು ಮಾಡಿ ಡಾಕ್ಟ್ರೇ. ಇನ್ನೆಷ್ಟು ಹೊತ್ತು ಕೂಗಿಸ್ತೀರಿ ಇವಳನ್ನ?”

ಮಂಚದ ಮೇಲೆ ಕೂಗುತ್ತಿದ್ದವಳ ಗಂಡ ಮತ್ತೆ ಅದೇ ರಾಗ ತೆಗೆದ. ಡಾಕ್ಟರ ಕೈ ತಾನೇ ತಾನಾಗಿ ಡ್ರಿಪ್ ಕೊಳವೆಯ ಮೇಲಿನ ಪುಟ್ಟ ಚಕ್ರದತ್ತ ಹೊರಟಿತು. ಅರ್ಧ ದಾರಿಯಲ್ಲಿ ಅದನ್ನು ತಡೆದು ಕೋಟಿನ ಜೇಬಿಗೆ ತುರುಕಿದರು, ತುಂಟ ಮಗುವನ್ನು ಮೂಲೆಯಲ್ಲಿ ಕೂರಿಸುವ ಹಾಗೆ.

ಆ ಚಕ್ರಕ್ಕೂ ಅವರಿಗೂ ಹಳೆಯ ನಂಟು. ಒಂದು ಕಾಲಕ್ಕೆ ಇಡೀ ಆಸ್ಪತ್ರೆ ಅವರನ್ನು ಎಕ್ಸ್‌ಪ್ರೆಸ್ ಡಾಕ್ಟರ್ ಎನ್ನುತ್ತಿತ್ತು. ನೋವು ಬರಿಸುವ ಮದ್ದಿನ ಡ್ರಿಪ್ ಹಾಕುವುದು, ಚಕ್ರ ತಿರುಗಿಸುವುದು, ಗಡಿಯಾರ ನೋಡುವುದು. ಊಟ ಆರುವ ಮುಂಚೆ ಮನೆ ಸೇರುವುದು. ಮಗುವಿನ ಗಳಿಗೆಯನ್ನು ಬರೆಯುವವನು ಮೇಲೊಬ್ಬನಿದ್ದಾನೆ ಎಂಬುದು ಆಗ ಅವರಿಗೆ ನೆನಪಿರುತ್ತಿರಲಿಲ್ಲ.

ಒಂದು ದಿನ ಗೆಳೆಯನ ಮನೆಯ ಊಟಕ್ಕೆ ಅವಸರವಿತ್ತು. ಚಕ್ರ ಪೂರ್ತಿ ತಿರುಗಿತು. ನೋವು ನೋವಿನ ನಡುವೆ ಬಿಡುವೇ ಇಲ್ಲದಂತಾಯಿತು. ಮಗುವಿನ ಎದೆಬಡಿತ ಕುಸಿಯಿತು. ಭುಜ ಸಿಕ್ಕಿಕೊಂಡಿತು. ಡಾಕ್ಟರು ಎಳೆದರು. ಮಗು ಉಳಿಯಿತು, ಅದರ ಬಲಗೈ ಮಾತ್ರ ಏಳಲೇ ಇಲ್ಲ.

ವಿಚಾರಣೆಗೆ ಆ ತಾಯಿ ಬರಲಿಲ್ಲ. ಮಗುವನ್ನೆತ್ತಿಕೊಂಡು ಬೇರೆ ಬೇರೆ ಆಸ್ಪತ್ರೆ ಅಲೆಯುತ್ತಿದ್ದಳು. ನೋವು ತಡೆಯಲಾಗುತ್ತಿಲ್ಲ ಎಂದು ಅವಳ ಮುಖ ನೋಡಿ ಗೊತ್ತಾಗಲಿಲ್ಲವೇ ಎಂದು ವಿಚಾರಣೆ ನಡೆಸಿದವರು ಕೇಳಿದರು. ಡಾಕ್ಟರು ಅವಳ ಮುಖ ನೋಡಿರಲಿಲ್ಲ. ನೋಡಿದ್ದು ಗಡಿಯಾರವನ್ನು.

ಅಂದಿನಿಂದ ಅವರಿಗೆ ಹೆರಿಗೆ ಕೋಣೆಯ ಬಾಗಿಲು ಮುಚ್ಚಿತ್ತು. ಮೂಲೆಯ ಕೋಣೆಯಲ್ಲಿ ಕೂತು ನೆಗಡಿಗೆ ಮಾತ್ರೆ ಬರೆಯುತ್ತಿದ್ದರು. ದೇವರಲ್ಲಿ ಬೇಡುತ್ತಿದ್ದುದು ಒಂದನ್ನೇ: ಇನ್ನೊಂದು ಸಲ ಆ ಬಾಗಿಲು ತೆರೆಯಲಿ.

ಇವತ್ತು ತೆರೆದಿತ್ತು. ಆಸ್ಪತ್ರೆಯ ಮುಖ್ಯಸ್ಥೆ ದೊಡ್ಡ ಡಾಕ್ಟರಮ್ಮ ಗಾಜಿನಾಚೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಇವತ್ತು ಸರಿಯಾಗಿ ನಡೆದುಕೊಂಡರೆ ನಾಳೆಯಿಂದ ಇಲ್ಲೇ, ಇಲ್ಲದಿದ್ದರೆ ನಿವೃತ್ತಿಯವರೆಗೆ ನೆಗಡಿಯೇ ಗತಿ ಎಂದು ಮೊದಲೇ ಹೇಳಿದ್ದರು.

ಕೋಣೆ ಬೇಯುತ್ತಿತ್ತು. ಗಂಡ ಎದ್ದು, ಗೋಡೆ ತುಂಬ ಇದ್ದ ಸ್ವಿಚ್ಚುಗಳಲ್ಲಿ ಒಂದನ್ನು ನೋಡದೆಯೇ ಒತ್ತಿದ. ಫ್ಯಾನ್ ತಿರುಗಿತು. “ನೀರು ಬೇಕಾ ನಿಮಗೆ?” ಎಂದು ಹೆಂಡತಿಯನ್ನು ಕೇಳಿದ. ಹೆಂಡತಿಗೆ ಇಷ್ಟು ಮರ್ಯಾದೆ ಕೊಡುವ ಗಂಡಂದಿರು ಅಪರೂಪ. ನರ್ಸಮ್ಮ ಯಾಕೋ ಕೆಮ್ಮಿದಳು.

ಅತ್ತೆ ಸುಮ್ಮನೆ ಕೂರುವವಳಲ್ಲ. ಜಾರಿದ ಬೆಡ್‌ಶೀಟನ್ನು ಎಳೆದು, ಮೂಲೆ ಮಡಚಿ, ಹಾಸಿಗೆಯಡಿ ಒಂದು ಸುಕ್ಕೂ ಇಲ್ಲದಂತೆ ಸೇರಿಸುತ್ತಲೇ ಡಾಕ್ಟರಿಗೆ ಚುಚ್ಚಿದಳು. “ಇವನನ್ನ ಹೆತ್ತಾಗ ಡಾಕ್ಟ್ರು ಚಪ್ಪಲಿ ಬಿಡೋದ್ರೊಳಗೆ ಹೆತ್ತು ಎದ್ದು ಕೂತಿದ್ದೆ. ನೀವೇನಪ್ಪಾ, ಬಸ್ಸಿಗೆ ಕಾಯೋರ ಹಾಗೆ ಕೂತಿದ್ದೀರಿ.”

ಡಾಕ್ಟರು ಬೆವರು ಒರೆಸಿಕೊಂಡರು. ಅಷ್ಟರಲ್ಲಿ ನರ್ಸಮ್ಮ, ಮಗುವಿನ ಎದೆಬಡಿತ ಕೇಳಿಸುವ ಯಂತ್ರದ ಮೇಲಿನ ಕೈ ತೆಗೆಯದೆ, ಅವರ ಮನೆಯಿಂದ ಫೋನ್ ಬಂದಿತ್ತೆಂದಳು. ಊಟಕ್ಕೆ ನೆಂಟರು ಕಾಯುತ್ತಿದ್ದಾರಂತೆ. ಅವರೆಲ್ಲ ಉಂಡು ಮಲಗಲಿ ಎಂದು ಹೇಳಿಕಳಿಸಿದರು ಡಾಕ್ಟರು.

ಎಲ್ಲರಿಗಿಂತ ಜೋರು ಮಂಚದ ಮೇಲಿನವಳದು. ಡ್ರಿಪ್ ಕೊಳವೆ ಅವಳ ಮುಂಗೈಗೆ ಪಟ್ಟಿಯಿಂದ ಅಂಟಿಕೊಂಡಿತ್ತು. ಕೂಗಿಗೊಂದು ಬಯ್ಗುಳ ಸೇರಿಸಿ ಕೂಗುತ್ತಿದ್ದಳು. ಒಂದು ಕೂಗು ಮುಗಿಸಿ ಹೇಳಿದಳು:

“ಆ ಚಕ್ರ ತಿರುಗಿಸಿ ಡಾಕ್ಟ್ರೇ. ಅದು ನಿಮಗೆ ಚೆನ್ನಾಗಿ ಬರತ್ತೆ ಅಂತ ಕೇಳಿದೀನಿ.”

ಡಾಕ್ಟರಿಗೆ ಕೆನ್ನೆಗೆ ಹೊಡೆದಂತಾಯಿತು. ಆಗಲೇ ಯಂತ್ರದ ಟಕಟಕ ನಿಧಾನವಾಯಿತು. ಟಕ್. ಟಕ್. ಗಂಡ ಬೇಗ ಎಂದ, ಅತ್ತೆ ಬೇಗ ಎಂದಳು, ಮಂಚದವಳು ಎಳೆದು ತೆಗೆಯಿರಿ ಎಂದಳು.

ಡಾಕ್ಟರು ಚಕ್ರ ತಿರುಗಿಸಿದರು. ಹಿಂದಕ್ಕೆ. ಮದ್ದು ಪೂರ್ತಿ ನಿಂತಿತು. ಆಪರೇಷನ್ ಕೋಣೆ ಸಿದ್ಧವಿರಲಿ ಎಂದು ನರ್ಸಮ್ಮನಿಗೆ ಹೇಳಿದರು. “ಎಡಕ್ಕೆ ಹೊರಳಿ, ತಾಯಿ.” ಅಷ್ಟು ದೊಡ್ಡ ಹೊಟ್ಟೆ ಹೊತ್ತೂ ಅವಳು ಸಲೀಸಾಗಿ ಹೊರಳಿದಳು. ಡಾಕ್ಟರು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಸ್ಟೂಲನ್ನು ಆ ಬದಿಗೆ ಎಳೆದು, ಅವಳ ಮುಖಕ್ಕೆ ಎದುರಾಗಿ ಕೂತರು.

“ಹೆದರಿಕೆ ಆಗ್ತಿದೆಯಾ?”

ಅವಳ ಬಯ್ಗುಳ ನಿಂತಿತು. ಅವರ ಮುಖ ನೋಡಿದಳು.

“ಆಗಿತ್ತು,” ಎಂದಳು. ಅಷ್ಟೆಲ್ಲ ಕೂಗಿದಾಗಲೂ ಬಾರದ ಕಣ್ಣೀರು ಈಗ ಬಂತು.

ಯಂತ್ರ ಮತ್ತೆ ಟಕಟಕ ಎನ್ನತೊಡಗಿತು. ಮಗು ಸುಧಾರಿಸಿಕೊಂಡಿದೆ, ಅದು ಬರುವಾಗ ಬರಲಿ, ಅಲ್ಲಿಯವರೆಗೆ ತಾನು ಇಲ್ಲಿಂದ ಏಳುವುದಿಲ್ಲ ಎಂದರು ಡಾಕ್ಟರು.

ದೊಡ್ಡ ಡಾಕ್ಟರಮ್ಮ ಗಾಜು ತಟ್ಟಿದರು. ನರ್ಸಮ್ಮ ಯಂತ್ರದ ಗುಂಡಿ ಒತ್ತಿದಳು. ಎದೆಬಡಿತ ಪೂರ್ತಿ ನಿಂತಿತು. ಯಾರೂ ಗಾಬರಿಯಾಗಲಿಲ್ಲ. ಅತ್ತೆ ಆಸ್ಪತ್ರೆಯ ಲಾಂಡ್ರಿಗೆ ಹೊರಟಳು, ಒಗೆಯುವ ಬಟ್ಟೆ ರಾಶಿ ಬಿದ್ದಿತ್ತು. ಗಂಡ ಹೊರಗೆ ಒರಗಿಸಿದ್ದ ಏಣಿ ಹೆಗಲಿಗೇರಿಸಿ ಪಕ್ಕದ ವಾರ್ಡಿನ ಫ್ಯೂಸ್ ನೋಡಲು ಹೋದ.

ಇದು ನಾಟಕದ ಹೆರಿಗೆ, ತನಗಿಟ್ಟ ಪರೀಕ್ಷೆ ಎಂಬುದು ಡಾಕ್ಟರಿಗೆ ಗೊತ್ತೇ ಇತ್ತು. ಪಾಸೋ ಫೇಲೋ ಎಂದು ದೊಡ್ಡ ಡಾಕ್ಟರಮ್ಮನ ಕಡೆ ನೋಡಿದರು. ಅವರು ನನ್ನನ್ನೇನು ಕೇಳುತ್ತೀರಿ ಎನ್ನುವಂತೆ ಮಂಚದ ಕಡೆ ಕೈ ತೋರಿಸಿದರು.

ಮಂಚದವಳು ಎದ್ದು ಕೂತು, ನಿಲುವಂಗಿಯೊಳಗಿನ ದಿಂಬನ್ನು ಹೊರಗೆಳೆದಳು. ಬಾಗಿಲ ಕಡೆ ಯಾರನ್ನೋ ಕರೆದಳು. ಪುಟ್ಟ ಹುಡುಗಿಯೊಬ್ಬಳು ಓಡಿ ಬಂದಳು. ಎಡಗೈಯಿಂದಲೇ ಮಂಚ ಹಿಡಿದು ಹತ್ತಿ, ಎಡಗೈಯಿಂದಲೇ ದಿಂಬನ್ನು ತಟ್ಟಿದಳು. ಬಲಗೈ ಪಕ್ಕದಲ್ಲಿ ಸುಮ್ಮನೆ ಜೋತುಬಿದ್ದಿತ್ತು.

“ಅಮ್ಮಾ, ಪಾಪು ಹುಟ್ತಾ?”

“ಇಲ್ಲ ಪುಟ್ಟಿ,” ಎಂದಳು ತಾಯಿ, ಡಾಕ್ಟರ ಮುಖ ನೋಡುತ್ತಾ. “ಡಾಕ್ಟ್ರು ಹುಟ್ಟಿದ್ರು.”